ಎರಡು ಗಂಟೆಯ ನಾಡಿ

೨೦೧೭ರಲ್ಲಿ ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಆಸ್ಪತ್ರೆಗೆ ಸೇರಿದ ನರ್ಸಿಂಗ್ ಶಾಲೆಯ ಮೊದಲ ವರ್ಷದ ಹುಡುಗಿಯರಿಗೆ ಕೆಲಸ ಕಲಿಸುವ ಹೊಣೆಯೂ ನನ್ನದೇ. ಇಪ್ಪತ್ತಾರು ವರ್ಷ ಸರ್ವಿಸ್ ಆಗಿತ್ತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ತಪ್ಪೆಲ್ಲ ಅದರದೇ ಎಂದು ಓದುವವರಿಗೆ ಅನ್ನಿಸೀತು, ನನಗೂ ಹಾಗೆ ಅಂದುಕೊಳ್ಳುವ ಆಸೆ ಹುಟ್ಟೀತು.

ನನ್ನ ತವರು ಕಮಲಾಪುರ. ಪ್ರತಿ ರವಿವಾರ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹದಿಹರೆಯದ ಮಕ್ಕಳಿಗೆ ನನ್ನ ಕ್ಲಾಸು. ಒಟ್ಟು ಹನ್ನೊಂದು ಮಕ್ಕಳು. ಅಲ್ಲಿ ನಾನು ಸಿಸ್ಟರ್ ಅಲ್ಲ, ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಹಾಗೆಯೇ ಕರೆಯುತ್ತಾರೆ. ಕ್ಲಾಸಿನ ಕೊನೆಗೆ ಯಾರಾದರೊಬ್ಬರು ಎದ್ದು ನಿಂತು ಸಾಕ್ಷಿ ಹೇಳಬೇಕು. ನಮ್ಮ ಸಭೆಗಳಲ್ಲಿ ಸಾಕ್ಷಿ ಎಂದರೆ ದೇವರು ತನ್ನ ಬದುಕಿನಲ್ಲಿ ಏನು ಮಾಡಿದನೆಂದು ಎಲ್ಲರೆದುರು ಹೇಳುವುದು. ಮಕ್ಕಳು ಜ್ವರ ಇಳಿದದ್ದು, ಪರೀಕ್ಷೆ ಪಾಸಾದದ್ದು ಹೇಳಿ ಕೂತುಬಿಡುತ್ತಿದ್ದರು. ನನಗೆ ಅದು ಸಾಲುತ್ತಿರಲಿಲ್ಲ.

"ಚರ್ಚಿನ್ಯಾಗ ನಿಂತು ಹೇಳೂದು ಏನು ದೊಡ್ಡದು? ಇಲ್ಲಿ ಎಲ್ಲಾರೂ ನಮ್ಮೋರೇ. ನಾಳೆ ಕೆಲಸದ ಜಾಗಾದಾಗ ಒಬ್ರೇ ನಿಂತಾಗ ಹೇಳ್ರಿ, ಅದು ಸಾಕ್ಷಿ" ಎಂದು ನಾನು ಗದರುತ್ತಿದ್ದೆ. ಎಲ್ಲರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನನ್ನದೇ ಒಂದು ಸಾಲು ಬರೆಸಿದ್ದೆ: ನೋಡಿದ್ದನ್ನು ನೋಡಿದೆ ಅನ್ನು, ನೋಡದ್ದನ್ನು ನೋಡಿಲ್ಲ ಅನ್ನು. ಮಾತಿನಲ್ಲಿ ನಾನು ಯಾವಾಗಲೂ ಜೋರು.

ಆ ಹನ್ನೊಂದು ಮಕ್ಕಳಲ್ಲಿ ಮಾರ್ಥಾ ಒಬ್ಬಳು. ಗಾರೆ, ಇಟ್ಟಿಗೆಯ ಗೌಂಡಿ ಕೆಲಸದ ಸಾಮುವೇಲಪ್ಪನ ಮಗಳು. ಹದಿನೇಳು ವರ್ಷ, ತೆಳ್ಳಗಿನ ಮೈ, ಮಾತು ಕಡಿಮೆ. ಅವಳನ್ನು ನರ್ಸಿಂಗ್ ಶಾಲೆಗೆ ಸೇರಿಸಿದ್ದು ನಾನೇ. "ನಿಮ್ಮ ಕೈಯಾಗ ಕೊಟ್ಟೀನ್ರಿ ಅಕ್ಕೋರೇ, ಇನ್ನ ನಂಗ ಚಿಂತಿಲ್ಲ" ಎಂದು ಅವಳ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೈ ಮುಗಿದಿದ್ದ. ಆಸ್ಪತ್ರೆಯಲ್ಲಿ ಬೇರೆ ಹುಡುಗಿಯರಂತೆ ಅವಳೂ ನನ್ನನ್ನು ಸಿಸ್ಟರ್ ಎಂದೇ ಕರೆಯಬೇಕೆಂದು ಮೊದಲ ದಿನವೇ ತಾಕೀತು ಮಾಡಿದೆ. ಅವಳು ಹಾಗೇ ಮಾಡಿದಳು.

ಇಲ್ಲಿ ನಮ್ಮ ಕೆಲಸದ ಒಂದು ವಿಷಯ ಹೇಳಬೇಕು. ಪ್ರತಿ ರೋಗಿಗೂ ಒಂದು ಚಾರ್ಟ್ ಇರುತ್ತದೆ. ಅದರ ಚೌಕಗಳಲ್ಲಿ ಗೊತ್ತುಪಡಿಸಿದ ಹೊತ್ತಿಗೆ ಜ್ವರ, ನಾಡಿ, ಉಸಿರು, ಬಿಪಿ ಬರೆಯಬೇಕು. ನಾಡಿ ಎಣಿಸಲು ಒಂದು ನಿಮಿಷ ಸಾಕು, ಆದರೆ ಮೂವತ್ತು ಮಂಚಗಳಿದ್ದರೆ ಅದು ಅರ್ಧ ಗಂಟೆಯ ಕೆಲಸ. ಹಾಗಾಗಿ ನಮ್ಮ ವಾರ್ಡಿನಲ್ಲಿ ಒಂದು ಕೆಟ್ಟ ರೂಢಿ ಬೆಳೆದಿತ್ತು. ಕೆಲಸ ಜಾಸ್ತಿ ಇದ್ದ ದಿನ ಟೇಬಲ್ಲಿನ ಹತ್ತಿರ ಕೂತು, ರೋಗಿಯನ್ನು ಮುಟ್ಟದೆಯೇ, ೭೮, ೮೦, ೭೬ ಎಂದು ಚಾರ್ಟ್ ತುಂಬಿಬಿಡುವುದು. ನನಗೆ ಗೊತ್ತಿತ್ತು. ಕಂಡೂ ಕಾಣದಂತೆ ಇದ್ದೆ.

ಮಾರ್ಥಾ ಮಾತ್ರ ಎಣಿಸದ ಚೌಕವನ್ನು ಖಾಲಿ ಬಿಡುತ್ತಿದ್ದಳು. ಸ್ಟಾಫ್ ನರ್ಸ್ ಬೈದರೆ "ನೋಡಿಲ್ಲರಿ ಸಿಸ್ಟರ್, ಈಗ ನೋಡಿ ಬರೀತೀನಿ" ಎಂದು ಎದ್ದು ಹೋಗುತ್ತಿದ್ದಳು. ಜೊತೆಯ ಹುಡುಗಿಯರು ಅವಳಿಗೆ ಖಾಲಿ ಮಾರ್ಥಾ ಎಂದು ಹೆಸರಿಟ್ಟಿದ್ದರು. ನಾನು ಒಂದು ರವಿವಾರ ಕಮಲಾಪುರದ ಕ್ಲಾಸಿನಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಂಡೆ, ನನ್ನ ಪಾಠ ಫಲ ಕೊಟ್ಟಿತೆಂದು. ಮಾರ್ಥಾ ನಾಚಿ ತಲೆ ತಗ್ಗಿಸಿದ್ದಳು.

ಅಕ್ಟೋಬರಿನ ಒಂದು ಗುರುವಾರ. ಹನ್ನೊಂದನೇ ಮಂಚದಲ್ಲಿ ಅಬ್ದುಲ್ ಗನಿ ಎಂಬ ರೋಗಿಯಿದ್ದರು. ಐವತ್ತನಾಲ್ಕು ವರ್ಷ, ಊರಿನ ರೋಜಾ ಬಡಾವಣೆಯಲ್ಲಿ ಹೂವಿನ ಅಂಗಡಿ. ಹಿಂದಿನ ಸಂಜೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಎರಡು ಗಂಟೆಗೊಮ್ಮೆ ನಾಡಿ ಮತ್ತು ಬಿಪಿ ನೋಡಬೇಕೆಂದು ಸರ್ಜನ್ ಬರೆದಿದ್ದರು. ಇದಕ್ಕೆ ಕಾರಣವಿದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಬಿಪಿ ಇಳಿಯುವುದಕ್ಕೂ ಮೊದಲು ನಾಡಿ ಏರತೊಡಗುತ್ತದೆ. ಆ ಏರಿಕೆಯನ್ನು ಹಿಡಿದವರು ರೋಗಿಯನ್ನು ಉಳಿಸಿಕೊಳ್ಳುತ್ತಾರೆ. ಹತ್ತು ಗಂಟೆಗೆ ಮಾರ್ಥಾ ಎಣಿಸಿದಾಗ ನಾಡಿ ೮೪ ಇತ್ತು. ಹನ್ನೆರಡಕ್ಕೆ ೯೮.

ಮರುವಾರ ನರ್ಸಿಂಗ್ ಶಾಲೆಗೆ ತಪಾಸಣಾ ತಂಡ ಬರುವುದಿತ್ತು. ಪ್ರದರ್ಶನದ ಕೋಣೆಯ ಗೋಡೆಗಳಿಗೆ ಚಿತ್ರಪಟಗಳು ಬೇಕಿದ್ದವು. ಮಾರ್ಥಾಳ ಅಕ್ಷರ ಮುತ್ತಿನಂತಿತ್ತು. ಒಂದೂವರೆಗೆ ವಾರ್ಡಿಗೆ ಹೋಗಿ ಅವಳನ್ನು ಕರೆದೆ.

"ಸಿಸ್ಟರ್, ಹನ್ನೊಂದನೇ ಬೆಡ್‌ಂದು ನಾಡಿ ಜಾಸ್ತಿ ಅದರಿ. ಎರಡಕ್ಕ ನೋಡಬೇಕು."

"ಎರಡಕ್ಕ ಸ್ಟಾಫ್ ನೋಡ್ತಾರ. ನೀ ಬಾ ಮೊದಲ."

ಅವಳು ಒಂದು ಕ್ಷಣ ಆ ಮಂಚದ ಕಡೆ ನೋಡಿ, ನನ್ನ ಹಿಂದೆ ಬಂದಳು. ನಾನು ಸ್ಟಾಫ್ ನರ್ಸ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಎರಡು ಗಂಟೆಗೆ ಡ್ಯೂಟಿ ಬದಲಾಯಿತು. ಹೋಗುವವಳು ಮಾರ್ಥಾ ನೋಡಿರುತ್ತಾಳೆ ಎಂದುಕೊಂಡಳು, ಬಂದವಳು ಹೋದವಳು ನೋಡಿರುತ್ತಾಳೆ ಎಂದುಕೊಂಡಳು. ನಾವು ಆ ಹೊತ್ತಿಗೆ ಹೃದಯದ ಚಿತ್ರಕ್ಕೆ ಕೆಂಪು ಬಣ್ಣ ತುಂಬುತ್ತಿದ್ದೆವು.

ಮೂರೂವರೆಗೆ ಗನಿಯವರ ಹೆಂಡತಿ ಖಾಜಾಬಿ ಕಾರಿಡಾರಿನಲ್ಲಿ ಕೂಗುತ್ತಾ ಓಡಿಬಂದರು. ಗಂಡನ ಮೈ ತಣ್ಣಗಾಗಿ ಬೆವರು ಸುರಿಯುತ್ತಿತ್ತು. ನಾನು ಹೋಗಿ ಕೈ ಹಿಡಿದಾಗ ನಾಡಿ ಸಿಗಲೇ ಇಲ್ಲ. ಆಪರೇಷನ್ ಥಿಯೇಟರಿಗೆ ಒಯ್ದರು. ಒಳಗೆ ರಕ್ತನಾಳಕ್ಕೆ ಕಟ್ಟಿದ ಗಂಟು ಜಾರಿ ಹೊಟ್ಟೆಯ ತುಂಬ ರಕ್ತ ತುಂಬಿತ್ತು. ಐದು ಗಂಟೆ ಹತ್ತು ನಿಮಿಷಕ್ಕೆ ಅವರು ತೀರಿಹೋದರು.

ಮಾರನೆಯ ಬೆಳಿಗ್ಗೆ ಮೆಡಿಕಲ್ ಸೂಪರಿಂಟೆಂಡೆಂಟ್ ನನ್ನನ್ನು ಕರೆದು ಫೈಲ್ ಮುಂದಿಟ್ಟರು. ಎರಡು ಗಂಟೆಯ ಚೌಕ ಖಾಲಿ ಇತ್ತು. "ಫೈಲ್ ಪೂರ್ತಿ ಇರಲಿ ಸಿಸ್ಟರ್" ಎಂದರು, ಅಷ್ಟೇ. ಅವರು ಬೇರೇನೂ ಹೇಳಬೇಕಾಗಿರಲಿಲ್ಲ.

ನಾನು ಮಾರ್ಥಾಳನ್ನು ನನ್ನ ಕೋಣೆಗೆ ಕರೆಸಿ ಬಾಗಿಲು ಹಾಕಿದೆ. ಹತ್ತು, ಹನ್ನೆರಡರ ಸಾಲಿನಲ್ಲಿ ಅವಳ ಸಹಿಯೇ ಇದೆ, ಇಲ್ಲಿ ಒಂದು ಅಂಕಿ ಬರೆದರೆ ಎಲ್ಲರೂ ಉಳಿಯುತ್ತಾರೆ, ಇಲ್ಲದಿದ್ದರೆ ಅವಳ ಸೀಟಿಗೇ ಕುತ್ತು ಎಂದು ಹೇಳಿದೆ. ಪೆನ್ನು ಅವಳ ಕೈಯಲ್ಲಿಟ್ಟೆ. ಆಸ್ಪತ್ರೆಯೊಳಗೆ ಅವಳು ನನ್ನನ್ನು ಎಂದೂ ಅಕ್ಕೋರೇ ಎಂದು ಕರೆದವಳಲ್ಲ, ಅಂದು ಕರೆದಳು.

"ಅಕ್ಕೋರೇ, ನಾ ನೋಡಿಲ್ಲರಿ. ನೀವೇ ಬರಸೀರಿ ನಮ್ಮ ನೋಟ್‌ಬುಕ್ಕಿನ್ಯಾಗ."

ಪೆನ್ನನ್ನು ಟೇಬಲ್ಲಿನ ಮೇಲಿಟ್ಟು ಹೋದಳು. ನನಗೆ ನಾಚಿಕೆಯಾಗಬೇಕಿತ್ತು, ಆದರೆ ಬಂದದ್ದು ಸಿಟ್ಟು. ನಾನು ಕಲಿಸಿದ್ದನ್ನು ನನಗೇ ಹೇಳುತ್ತಾಳಲ್ಲ, ಎಷ್ಟು ಕೊಬ್ಬು ಎಂದುಕೊಂಡೆ. ಬಾಗಿಲು ಮುಚ್ಚಿತ್ತು. ಆ ಚೌಕದಲ್ಲಿ ೮೬ ಎಂದು ನಾನೇ ಬರೆದೆ, ಪಕ್ಕದಲ್ಲಿ ಅವಳು ಸಹಿ ಮಾಡುವಂತೆಯೇ ಒಂದು 'ಮಾ' ಹಾಕಿದೆ. ೯೮ಕ್ಕೆ ಏರಿದ್ದ ನಾಡಿ ಮತ್ತೆ ಇಳಿಯಿತು, ಎಲ್ಲ ಸರಿಯಿತ್ತು ಎಂದು ಓದುವವರಿಗೆ ಅನ್ನಿಸಲಿ ಎಂದು ೮೬. ಇಪ್ಪತ್ತಾರು ವರ್ಷದ ಅನುಭವ ಆ ಅಂಕಿಯನ್ನು ಆರಿಸುವುದಕ್ಕೆ ಉಪಯೋಗವಾಯಿತು.

ಸೋಮವಾರ ಹನ್ನೊಂದಕ್ಕೆ ಆಸ್ಪತ್ರೆಯೇ ವಿಚಾರಣೆ ಇಟ್ಟಿತು. ಸೂಪರಿಂಟೆಂಡೆಂಟ್, ಸರ್ಜನ್, ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲರು ಮತ್ತು ನಾನು ಮೇಜಿನ ಒಂದು ಕಡೆ. ಖಾಜಾಬಿ ಮತ್ತು ಅವರ ತಮ್ಮ ಇನ್ನೊಂದು ಕಡೆ. ಮಾರ್ಥಾ ಬಾಗಿಲ ಹತ್ತಿರ ನಿಂತಿದ್ದಳು.

"ನಾ ಅಲ್ಲೇ ಕುಂತಿದ್ದೆ ಸಾಬ್. ಖುದಾ ಕೀ ಕಸಮ್, ಎರಡಕ್ಕ ಯಾರೂ ಬಂದಿಲ್ಲ. ಹನ್ನೆರಡಕ್ಕ ಈ ಹುಡುಗಿ ಬಂದಿತ್ತು, ಆಮ್ಯಾಲ ಯಾರೂ ಇಲ್ಲ" ಎಂದರು ಖಾಜಾಬಿ.

ಸೂಪರಿಂಟೆಂಡೆಂಟ್ ಚಾರ್ಟನ್ನು ಅವರ ಕಡೆ ತಿರುಗಿಸಿದರು. "ಇಲ್ಲಿ ಬರ್ದದ ನೋಡ್ರಿ. ನಿಮಗ ಆ ಗಾಬರಿಯಾಗ ನೆನಪಿಲ್ಲ, ಅಷ್ಟೇ." ಆ ಹೆಂಗಸು ಓದಲು ಬಾರದ ಅಂಕಿಗಳನ್ನೇ ನೋಡುತ್ತಾ ಕೂತರು. ತಾನೇ ಸುಳ್ಳು ಹೇಳಿದಂತಾಯಿತೇ ಎಂಬಂತೆ ತಮ್ಮನ ಮುಖ ನೋಡಿದರು.

ಆಗ ಮಾರ್ಥಾ, ಯಾರೂ ಕೇಳುವ ಮೊದಲೇ, ಮೇಜಿನ ತನಕ ಬಂದು ಚಾರ್ಟ್ ನೋಡಿದಳು. "ಅವರು ಹೇಳೂದು ಖರೇ ಅದರಿ ಸರ್. ಎರಡಕ್ಕ ನಾ ನೋಡಿಲ್ಲ. ಈ ಅಂಕಿ ನಂದಲ್ಲ."

"ಮತ್ತ ಯಾರದು?" ಎಂದರು ಸೂಪರಿಂಟೆಂಡೆಂಟ್.

ಅವಳಿಗೆ ಗೊತ್ತಿತ್ತು. ಚಾರ್ಟಿನಲ್ಲಿ ಬರೆಯುವ ಇಂಗ್ಲಿಷ್ ಎಂಟನ್ನು ನಾನು ಎರಡು ಸೊನ್ನೆ ಒಂದರ ಮೇಲೊಂದು ಕೂರಿಸಿದಂತೆ ಬರೆಯುತ್ತೇನೆ. ಕ್ಲಾಸಿನ ಮಕ್ಕಳು ಅದಕ್ಕೆ ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಯಾರಾದರೂ ಸಾಕ್ಷಿ ಹೇಳಲು ಏಳುವುದನ್ನು ಕಾಯುವಾಗ ನಾನು ಹೇಗೆ ನೋಡುತ್ತೇನೋ ಹಾಗೆ ನೋಡಿದಳು.

"ಬರ್ದೋರು ಹೇಳ್ಲಿರಿ ಸರ್" ಎಂದಳು.

ನಾನು ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ನೋಡುತ್ತಾ ಕೂತೆ. ಒಂದು ನಿಮಿಷವಾಗಿರಬಹುದು, ಒಂದು ನಾಡಿ ಎಣಿಸುವಷ್ಟು ಹೊತ್ತು. ನಾನು ಬಾಯಿ ಬಿಡಲಿಲ್ಲ.

ಆ ಸಂಜೆಯೇ ಪ್ರಿನ್ಸಿಪಾಲರು ಕರ್ತವ್ಯಲೋಪ ಮತ್ತು ಸುಳ್ಳು ಹೇಳಿಕೆಯ ಕಾರಣ ಬರೆದು ಮಾರ್ಥಾಳನ್ನು ಶಾಲೆಯಿಂದ ತೆಗೆದರು. ಸಾಮುವೇಲಪ್ಪ ಬಂದು ಅವಳ ಟ್ರಂಕನ್ನು ಹೆಗಲ ಮೇಲೆ ಹೊತ್ತುಕೊಂಡು ಗೇಟು ದಾಟಿದ. ನಾನು ಕಿಟಕಿಯಿಂದ ನೋಡಿದೆ, ಕೆಳಗಿಳಿದು ಹೋಗುವ ಧೈರ್ಯ ಬರಲಿಲ್ಲ.

ಬುಧವಾರದ ಹೊತ್ತಿಗೆ ವಾರ್ಡಿನ ಚಾರ್ಟುಗಳಲ್ಲಿ ಖಾಲಿ ಚೌಕಗಳು ಕಾಣಿಸತೊಡಗಿದವು. ಮೊದಲು ಮಾರ್ಥಾಳ ಜೊತೆಯವಳಾದ ಶಾಯಿಸ್ತಾಳದ್ದು, ಆಮೇಲೆ ಭಾಗ್ಯಶ್ರೀಯದ್ದು. ಖಾಲಿ ಮಾರ್ಥಾ ಎಂಬ ಹೆಸರಿಟ್ಟಿದ್ದೇ ಈ ಭಾಗ್ಯಶ್ರೀ. ಯಾಕೆಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ: "ನೋಡಿಲ್ಲರಿ ಸಿಸ್ಟರ್." ಅವರು ನಮ್ಮ ಚರ್ಚಿನವರಲ್ಲ, ನನ್ನ ಕ್ಲಾಸಿಗೆ ಬಂದವರಲ್ಲ, ನನ್ನ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರೂ ಅಲ್ಲ. ನಾನು ಇಪ್ಪತ್ತಾರು ವರ್ಷದಲ್ಲಿ ನಿಲ್ಲಿಸಲಾಗದ ರೂಢಿಯನ್ನು, ಅಪ್ಪನ ಹೆಗಲಿಗೆ ಟ್ರಂಕು ಹೊರಿಸಿ ಹೊರಬಿದ್ದ ಹುಡುಗಿ ಎರಡು ದಿನದಲ್ಲಿ ನಿಲ್ಲಿಸಿದ್ದಳು. ಆ ಖಾಲಿ ಚಾರ್ಟುಗಳನ್ನು ಹಿಡಿದುಕೊಂಡು ಡ್ರೆಸ್ಸಿಂಗ್ ಕೋಣೆಗೆ ಹೋಗಿ ಅತ್ತೆ.

ರವಿವಾರ ಕಮಲಾಪುರಕ್ಕೆ ಹೋದೆ. ಮಾರ್ಥಾ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದಳು, ತನ್ನ ಎಂದಿನ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು. ಏನು ಪಾಠ ಮಾಡಿದೆನೋ ನೆನಪಿಲ್ಲ. ಕೊನೆಗೆ ಬಾಯಿ ರೂಢಿಯಂತೆ "ಇವತ್ತ ಯಾರು ಸಾಕ್ಷಿ ಹೇಳ್ತೀರಿ?" ಎಂದುಬಿಟ್ಟಿತು. ಯಾರೂ ಏಳಲಿಲ್ಲ. ಮಕ್ಕಳಿಗೆ ಎಲ್ಲ ಗೊತ್ತಿತ್ತು, ಊರು ಸಣ್ಣದು. ಹನ್ನೊಂದು ಜೊತೆ ಕಣ್ಣು ನನ್ನ ಮೇಲಿದ್ದವು. ನಾನು ಗೋಡೆ ಹಿಡಿದು ನಿಂತುಕೊಂಡು ಹೇಳಿದೆ: "ಆ ಎಂಬತ್ತಾರು ನಾ ಬರ್ದದ್ದು."

ಮಾರನೆಯ ದಿನ ಅದನ್ನೇ ಕಾಗದದ ಮೇಲೆ ಬರೆದು ಸೂಪರಿಂಟೆಂಡೆಂಟರಿಗೆ ಕೊಟ್ಟೆ, ಒಂದು ಪ್ರತಿಯನ್ನು ರೋಜಾಕ್ಕೆ ಹೋಗಿ ಖಾಜಾಬಿಯವರ ಕೈಗೆ ಕೊಟ್ಟೆ. ಅವರ ತಮ್ಮ ಅದನ್ನು ಓದಿ ಹೇಳಿದ. "ಅಂದ್ರ ನಾ ಸುಳ್ಳ ಹೇಳಿದ್ದಿಲ್ಲ" ಎಂದರು ಖಾಜಾಬಿ. ನನ್ನನ್ನು ಕೂರು ಎನ್ನಲಿಲ್ಲ. ನನ್ನ ಕೆಲಸ ಹೋಯಿತು. ಅದರ ಬಗ್ಗೆ ಗೊಣಗುವ ಹಕ್ಕು ನನಗಿಲ್ಲ.

ನರ್ಸಿಂಗ್ ಶಾಲೆ ಮಾರ್ಥಾಳಿಗೆ ವಾಪಸು ಬರುವಂತೆ ಪತ್ರ ಬರೆಯಿತು. ಸಾಮುವೇಲಪ್ಪ ಒಪ್ಪಲಿಲ್ಲ. "ಖರೇ ಹೇಳಿದ್ದಕ್ಕ ಹೊರಗ ಹಾಕ್ಯಾರ. ಮತ್ತ ಅಲ್ಲಿಗೆ ಕಳಸಂಗಿಲ್ಲರಿ" ಎಂದ. ನನ್ನ ಮುಖ ನೋಡದೆ ಹೇಳಿದ. ಮಾರ್ಥಾ ಮತ್ತೆಂದೂ ನರ್ಸ್ ಆಗಲಿಲ್ಲ. ಈಗ ಕಮಲಾಪುರದಲ್ಲೇ ಬಟ್ಟೆ ಹೊಲಿಯುತ್ತಾಳೆ, ಒಂದು ಹೆಣ್ಣುಮಗುವಿದೆ. ನಾನು ಕಂಡ ಹುಡುಗಿಯರಲ್ಲಿ ಅವಳಷ್ಟು ಒಳ್ಳೆಯ ನರ್ಸ್ ಆಗಬಹುದಾಗಿದ್ದವಳು ಇನ್ನೊಬ್ಬಳಿಲ್ಲ.

ಅವಳ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಹೊಲಿಗೆ ಯಂತ್ರ ನಿಲ್ಲಿಸಿ, ನನಗೆ ಕುರ್ಚಿ ಹಾಕಿ, ತಾನು ನೆಲದ ಮೇಲೆ ಕೂತಳು. ಚಾರ್ಟಿನ ವಿಷಯ, ಸಹಿಯ ವಿಷಯ, ವಿಚಾರಣೆಯಲ್ಲಿ ಸುಮ್ಮನಿದ್ದ ವಿಷಯ ಎಲ್ಲ ಹೇಳಿಕೊಂಡೆ. ಅವಳು ಪೂರ್ತಿ ಕೇಳಿದಳು.

"ಅದು ಯಾವಾಗೋ ಬಿಟ್ಟೀನ್ರಿ ಅಕ್ಕೋರೇ" ಎಂದಳು. "ನನ್ನ ಮನಸಿನ್ಯಾಗ ಇರೂದು ಅದಲ್ಲ. ತೊಂಬತ್ತೆಂಟ ಅದ ಅಂತ ನಂಗ ಗೊತ್ತಿತ್ತು. ನೀವು ಕರದಾಗ ಬರಂಗಿಲ್ಲ ಅನ್ಬೇಕಿತ್ತು. ನೀವು ದೊಡ್ಡೋರು ಅಂತ ಬಂದ್ಬಿಟ್ಟೆ."

ನಾನು ಆ ಮಕ್ಕಳಿಗೆ ಇಡೀ ಊರಿನ ಎದುರು ಗಟ್ಟಿಯಾಗಿ ನಿಲ್ಲಬೇಕೆಂದು ವರ್ಷಗಟ್ಟಲೆ ಹೇಳಿದೆ. ಅಕ್ಕೋರೇ ತಪ್ಪು ಹೇಳಿದರೆ ಅಕ್ಕೋರ ಎದುರೂ ನಿಲ್ಲಬೇಕೆಂದು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಆ ಗುರುವಾರ ಮಾರ್ಥಾ ನನ್ನ ಮಾತು ಮೀರುತ್ತಿದ್ದಳು, ಹನ್ನೊಂದನೇ ಮಂಚದ ಹತ್ತಿರ ನಿಂತು ಒಂದು ನಿಮಿಷ ನಾಡಿ ಎಣಿಸುತ್ತಿದ್ದಳು.