ಒಂಬತ್ತು ಮನೆಯ ನ್ಯಾಯ

ಕಾನೂನನ್ನು ಕೈಗೆತ್ತಿಕೊಳ್ಳುವ ಸಿನಿಮಾ ನಾಯಕರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅಂಗಿಯ ತೋಳು ಮಡಚುವುದು, ಹತ್ತು ಜನರನ್ನು ಗಾಳಿಯಲ್ಲಿ ಹಾರಿಸುವುದು, ಕೊನೆಗೆ ಉರಿಯುವ ಗೋದಾಮಿಗೆ ಬೆನ್ನು ಹಾಕಿ ನಿಧಾನವಾಗಿ ನಡೆದು ಬರುವುದು. ಆ ಬೆಂಕಿ ಆರಿಸಿದವರು ಯಾರು, ಆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು ಮಾರನೆಯ ದಿನ ಎಲ್ಲಿಗೆ ಹೋದರು ಎಂದು ಆ ಪುಣ್ಯಾತ್ಮ ತಿರುಗಿಯೂ ನೋಡುವುದಿಲ್ಲ. ಅವನಿಗೆ ಶಿಳ್ಳೆ ಹೊಡೆಯುವವರನ್ನು ಕಂಡರಂತೂ ಇನ್ನಷ್ಟು ಮೈ ಉರಿಯುತ್ತಿತ್ತು.

ಹೀಗೆ ಉರಿಯಲು ನನಗೊಂದು ಪೀಠವೂ ಸಿಕ್ಕಿತ್ತು. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದೆ ಮೂರು ಪವರ್‌ಲೂಮುಗಳ ಶೆಡ್ಡಿದೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ಅಮ್ಮ ಮತ್ತು ತಮ್ಮ ನಡೆಸುತ್ತಾರೆ. ನಾನು ಸೋಂಪುರದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಬೇರೆಯವರು ಮಾಡಿದ್ದನ್ನು ಎತ್ತಿ ನೋಡಿ, ಸರಿಯಿಲ್ಲ ಎಂದು ಪಕ್ಕಕ್ಕಿಡುವುದೇ ನನ್ನ ಉದ್ಯೋಗ. ಭಾನುವಾರ ಮಗ್ಗ ನಿಂತಾಗ ತಮ್ಮನ ಗೆಳೆಯನೊಬ್ಬ ಬ್ಯಾಗಿನ ತುಂಬ ಬಣ್ಣದ ದಾಳ ಹೊತ್ತು ಬರುತ್ತಿದ್ದ. ಒಬ್ಬರು ಕಥೆ ಹೇಳುತ್ತ ಹೋಗುವುದು, ಉಳಿದವರು ಅದರೊಳಗಿನ ಕಳ್ಳನೋ ಮಂತ್ರವಾದಿಯೋ ಆಗಿ ದಾಳ ಎಸೆಯುವುದು, ಇದು ಅವನು ಕಲಿಸಿದ ಆಟ. ಅದರಲ್ಲಿ ಪ್ರತಿಯೊಂದು ಪಾತ್ರಕ್ಕೂ ಒಂದು ಗುಣ ಗೊತ್ತುಮಾಡಬೇಕು. ಒಳ್ಳೆಯವನು, ಕೆಟ್ಟವನು, ನಡುವಿನವನು ಎಂದು ಒಂದು ಸಾಲು. ಕಟ್ಟಳೆ ಪಾಲಿಸುವವನು, ಮುರಿಯುವವನು, ನಡುವಿನವನು ಎಂದು ಇನ್ನೊಂದು. ಮೂರು ಮೂರಲಿ ಒಂಬತ್ತು ಮನೆ. ಅಪ್ಪ ಸೀರೆಯ ಅಂಚು ಬರೆಯುತ್ತಿದ್ದ ಗ್ರಾಫ್ ಹಾಳೆಯ ಮೇಲೆ ತಮ್ಮ ಆ ಮನೆಗಳನ್ನು ಗೀಚಿದ್ದ.

ಕ್ರಮೇಣ ದಾಳ ಮೂಲೆ ಸೇರಿತು. ಆ ವಾರ ನೋಡಿದ ಸಿನಿಮಾದ ನಾಯಕನನ್ನು ಯಾವ ಮನೆಯಲ್ಲಿ ಕೂರಿಸಬೇಕು ಎಂಬುದೇ ಆಟವಾಯಿತು. ಕಲಬೆರಕೆ ವ್ಯಾಪಾರಿಗಳನ್ನು ಅವರದೇ ಗೋದಾಮಿನಲ್ಲಿ ಕೂಡಿಹಾಕಿ ಬೆಂಕಿ ಇಡುವ ಲೆಕ್ಕದ ಮೇಷ್ಟ್ರು ಒಬ್ಬ. ಕೆರೆ ನುಂಗಿದವರನ್ನು ಅದೇ ಕೆರೆಗೆ ಎಸೆಯುವ ಕಂಬಳಿ ಮುಸುಕಿನವನು ಇನ್ನೊಬ್ಬ.

"ಇವ್ನು ಕೇಯಾಟಿಕ್ ಗುಡ್ ಕಣಕ್ಕಾ. ರೂಲ್ಸ್ ಮುರೀತಾನೆ, ಆದ್ರೆ ಮನಸ್ಸು ಒಳ್ಳೇದು," ಎನ್ನುತ್ತಿದ್ದ ಗೆಳೆಯ.

"ಹೊಡೆಯೋಕ್ ಮುಂಚೆ ಕೇಳಿದ್ನಾ?" ಎನ್ನುತ್ತಿದ್ದೆ ನಾನು.

"ಏನಂತ?"

"ನೀನೇನಾ ಮಾಡಿದ್ದು ಅಂತ. ಒಂದೇ ಒಂದ್ ಮಾತು."

"ಹೀರೋಗೆ ಎಲ್ಲಾ ಗೊತ್ತಿರುತ್ತಕ್ಕಾ."

"ಹೆಂಗ್ ಗೊತ್ತಾಯ್ತು? ಡೈರೆಕ್ಟರ್ ಬಂದು ಕಿವೀಲಿ ಹೇಳಿದ್ನಾ?"

ನಾನು ಪೆನ್ನು ಕಿತ್ತುಕೊಂಡು ನಾಯಕನನ್ನು ಕೊನೆಯ ಮೂಲೆಗೆ, ಕಟ್ಟಳೆ ಮುರಿಯುವ ಕೆಟ್ಟವರ ಮನೆಗೆ ತಳ್ಳುತ್ತಿದ್ದೆ. ಆ ಮೂಲೆಯಲ್ಲಿ ಬರೆಯಲು ಜಾಗವೇ ಉಳಿದಿರಲಿಲ್ಲ. "ನಮ್ಮಕ್ಕನ್ ಕೈಲಿ ದೇವ್ರೂ ಪಾಸಾಗಲ್ಲ ಬಿಡಲೇ," ಎಂದು ತಮ್ಮ ನಗುತ್ತಿದ್ದ. ಹೊಗಳಿಕೆ ಎಂದೇ ತಿಳಿದು ನಾನು ಬೀಗುತ್ತಿದ್ದೆ.

ಆ ಅಮಾವಾಸ್ಯೆ ಬುಧವಾರ ಬಂತು. ಅಮಾವಾಸ್ಯೆಯಂದು ನಮ್ಮಲ್ಲಿ ಮಗ್ಗ ಓಡಿಸುವುದಿಲ್ಲ. ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಟ್ಟು ಕಾಯಿ ಒಡೆಯುತ್ತೇವೆ. ನಾನೂ ರಜೆ ಹಾಕಿದ್ದೆ. ಬೀದಿಯ ಕೊನೆಯಲ್ಲಿ ಒಂದೇ ಮಗ್ಗ ಇಟ್ಟುಕೊಂಡಿರುವ ನೇಕಾರನಿದ್ದಾನೆ, ಅಪ್ಪನ ಓರಗೆಯವನು. ಅವರ ಮನೆಗೆ ಪ್ರಸಾದ ಕೊಟ್ಟು ಬಾ ಎಂದು ಅಮ್ಮ ಮಧ್ಯಾಹ್ನ ತಟ್ಟೆ ಕೊಟ್ಟು ಕಳಿಸಿದಳು. ಹೋದರೆ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ. ಅದರ ಅಂಚು ನಮ್ಮ ಅಪ್ಪನದು.

ಅನುಮಾನಕ್ಕೆ ಎಡೆಯೇ ಇರಲಿಲ್ಲ. ಹುಣಸೆ ಎಲೆಯ ಆ ಅಂಚು ಅಪ್ಪ ಕೊನೆಯದಾಗಿ ಬರೆದದ್ದು. ಯಾವ ಎಳೆ ಮೇಲೇಳಬೇಕೆಂದು ಮಗ್ಗಕ್ಕೆ ತಿಳಿಸುವುದು ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ. ಅಪ್ಪ ಒಂದು ಕಾರ್ಡಿನಲ್ಲಿ ತೂತು ತಪ್ಪಿಸಿದ್ದರು. ಅದರಿಂದ ಏಳನೆಯ ಎಲೆಯ ತೊಟ್ಟು ಪಕ್ಕಕ್ಕೆ ಸರಿದಿರುತ್ತಿತ್ತು. ಇಲ್ಲೂ ಸರಿದಿತ್ತು. ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡ ನನಗೆ ಇನ್ಯಾವ ಸಾಕ್ಷಿ ಬೇಕಿತ್ತು? ಅಪ್ಪ ಹೋದರೆಂದು ಅಪ್ಪನ ಕೈಬರಹವನ್ನೂ ಕದ್ದಿದ್ದಾನೆ ಎನ್ನಿಸಿತು.

ಎಳೆ ಕತ್ತರಿಸುವ ಕತ್ತರಿ ಮಗ್ಗಕ್ಕೇ ತೂಗುಬಿದ್ದಿತ್ತು, ಪೂಜೆಯ ಕುಂಕುಮ ಹಚ್ಚಿಕೊಂಡು. ಅದನ್ನು ತೆಗೆದುಕೊಂಡು, ಹಾಸನ್ನು, ಎಂದರೆ ಮಗ್ಗದುದ್ದಕ್ಕೂ ಬಿಗಿಯಾಗಿ ನಿಂತಿದ್ದ ಉದ್ದನೆಯ ಎಳೆಗಳನ್ನು, ಒಂದು ಗೇಣಗಲ ಕತ್ತರಿಸಿದೆ. ನೂರಾರು ಎಳೆಗಳು ಪಟಪಟನೆ ಸಡಿಲವಾಗಿ ಜೋತುಬಿದ್ದವು. ನೇಕಾರರ ಮನೆಯಲ್ಲಿ ಹುಟ್ಟಿದವರು ಜಗಳದಲ್ಲಿ ಮಗ್ಗದವನನ್ನು ಹೊಡೆದಾರು, ಹಾಸನ್ನು ಮುಟ್ಟುವುದಿಲ್ಲ. ಅದು ಗೊತ್ತಿದ್ದೂ ಮಾಡಿದೆ. ತಟ್ಟೆ ಹಿಡಿದು ಮನೆಗೆ ಬಂದು, "ಯಾರೂ ಇರ್ಲಿಲ್ಲಮ್ಮ," ಎಂದೆ. ನಿಧಾನವಾಗಿಯೇ ನಡೆದು ಬಂದಿದ್ದೆ ಎಂಬುದು ಈಗ ನೆನಪಾದರೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಹರಡಿತು. ಅಮ್ಮ ತಮ್ಮನಿಗೆ ಹೇಳಿದಳು, "ಪಾಪ, ಹೋದ್ ತಿಂಗಳು ಆರ್ಡರ್ ಇಲ್ದೆ ಮಗ್ಗ ನಿಂತೋಗಿತ್ತು ಅಂತ ನಾನೇ ಕಾರ್ಡು ಕೊಟ್ಟಿದ್ದೆ. ಈಗ ನೋಡು."

ಮಗ್ಗ ನಿಂತ ಮನೆಯವರು ಬಂದು ಕೇಳಿದರೆ ಕಾರ್ಡಿನ ಸರ ಇಲ್ಲ ಎನ್ನುವ ಪದ್ಧತಿ ನಮ್ಮ ಬೀದಿಯಲ್ಲಿಲ್ಲ. ಅಪ್ಪನೂ ಹಾಗೇ ಕೊಡುತ್ತಿದ್ದರು. ಆ ಅಂಚು ಮನೆಯಿಂದಾಚೆ ಹೋಗಕೂಡದು ಎಂದು ಹಠ ಹಿಡಿದವಳು ನಾನು. ನನ್ನ ಬಾಯಿಗೆ ಹೆದರಿ ಅಮ್ಮ ನನಗೊಬ್ಬಳಿಗೆ ಹೇಳಿರಲಿಲ್ಲ. ಆ ಕಾರ್ಡು ತೂಗುಹಾಕುವ ಮೊಳೆ ನಮ್ಮ ಶೆಡ್ಡಿನ ಗೋಡೆಯಲ್ಲೇ ಇದೆ. ಕತ್ತರಿ ಎತ್ತುವ ಮೊದಲು ಮನೆಗೆ ಬಂದು ನೋಡಿದ್ದರೆ ಖಾಲಿ ಮೊಳೆ ಕಾಣುತ್ತಿತ್ತು.

ಮೂರು ದಿನ ನಾನು ಬಾಯಿ ಬಿಡಲಿಲ್ಲ. ಕಂಪನಿ ಬಸ್ಸು ಹತ್ತಿದೆ, ಇಳಿದೆ. ಆ ಮೂರು ದಿನವೂ ಸಂಜೆ ಕೆಲಸ ಮುಗಿಸಿ ಅಮ್ಮ ಆ ನೇಕಾರನ ಮನೆಗೆ ಹೋಗಿ, ಕಡಿದ ಎಳೆಗಳನ್ನು ಸೇರಿಸಲು ಕೂರುತ್ತಿದ್ದಳು. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆಯನ್ನು ಹೊಸೆದು ಸೇರಿಸಬೇಕು.

ಭಾನುವಾರ ಗೆಳೆಯ ಬಂದ. ತಮ್ಮ ಹಾಳೆ ಹರಡಿದ. "ಇವತ್ತು ಸಿನಿಮಾ ಬೇಡ ಕಣೋ. ಆ ಹಾಸು ಕತ್ತರಿಸಿದೋನನ್ನ ಎಲ್ಲಿ ಹಾಕೋಣ?" ಎಂದವನು ನನ್ನ ಕಡೆ ತಿರುಗಿ, ನನ್ನದೇ ದನಿಯನ್ನು ಅಣಕಿಸುತ್ತ ಕೇಳಿದ, "ಕತ್ತರಿಸೋಕ್ ಮುಂಚೆ ಕೇಳಿದ್ನಾ?"

"ಕೇಳ್ಲಿಲ್ಲ," ಎಂದೆ.

"ನಿಂಗೆ ಹೆಂಗ್ ಗೊತ್ತಕ್ಕಾ?"

"ನಾನೇ ಕತ್ತರಿಸಿದ್ದು."

ಇಬ್ಬರೂ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಬಂದಳು. "ಬಾಗಿಲು ತೆಗ್ದಿದ್ ಮನೇಲಿ ಪ್ರಸಾದ ಇಡ್ದೆ ತಟ್ಟೆ ಹಾಗೇ ವಾಪಸ್ ತಂದಿದ್ದೆ, ಸಂಜೆ ಸುದ್ದಿ ಕೇಳ್ದಾಗ್ಲೇ ನಂಗೊತ್ತಾಯ್ತು. ನೀನಾಗ್ ಹೇಳ್ತೀಯ ಅಂತ ಕಾಯ್ತಿದ್ದೆ. ಇಲ್ಲಿ ಹೇಳಿದ್ರೆ ಏನ್ ಬಂತು? ಅಲ್ಲಿ ಹೋಗಿ ಹೇಳು," ಎಂದಳು.

ಹೋದೆ. ಅವನು ಮಗ್ಗದ ಹಿಂದೆ ಬಗ್ಗಿ ಕುಳಿತು ಎಳೆ ಸೇರಿಸುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವನು ಬಯ್ಯಲಿ ಎಂದು ಕಾದೆ. ಅವನ ಬೆರಳು ನಿಂತಿತು ಅಷ್ಟೆ, ತಲೆ ಎತ್ತಲಿಲ್ಲ.

"ಒಂದ್ ಮಾತು ಕೇಳ್ಬಾರ್ದಾಗಿತ್ತೇನಮ್ಮ?" ಎಂದ.

ಇಷ್ಟು ವರ್ಷ ಸಿನಿಮಾದವರನ್ನೆಲ್ಲ ನಾನು ನಿಲ್ಲಿಸಿ ಕೇಳುತ್ತಿದ್ದದ್ದು ಅದನ್ನೇ. ಅವನು ಪಕ್ಕಕ್ಕೆ ಸರಿದು ಬೂದಿಯ ಬಟ್ಟಲನ್ನು ನನ್ನ ಕಡೆ ತಳ್ಳಿದ. ಕೂತೆ. ಸಂಜೆಯವರೆಗೆ ಸೇರಿಸಿದ ನನ್ನ ಎಳೆಗಳನ್ನು ಅವನು ಒಂದೊಂದಾಗಿ ಎಳೆದು ನೋಡಿದ. ಅರ್ಧಕ್ಕರ್ಧ ಬಿಚ್ಚಿಕೊಂಡವು.

"ಇವು ನಿಲ್ಲಲ್ಲ. ಇನ್ನೊಂದ್ಸಲ ಮಾಡು," ಎಂದು ಬಿಚ್ಚಿಕೊಂಡವನ್ನು ಪಕ್ಕಕ್ಕೆ ಸರಿಸಿಟ್ಟ.