ಇನಾಯತುಲ್ಲಾ ಕಟ್ಟಿದ ಆಂಪ್ಲಿಫೈಯರು, ಶೆಟ್ಟಿಕೆರೆಯ ಅಟ್ಟ

ತೊಂಬತ್ತಾರನೇ ಇಸವಿಯಲ್ಲಿ ಶೆಟ್ಟಿಕೆರೆಯಿಂದ ತಿಪಟೂರಿಗೆ ಹೊರಟ ಬಸ್ಸಿನಲ್ಲಿ ಸಿದ್ದಗಂಗಮ್ಮ ಹಳೇ ಸೀರೆ ಸುತ್ತಿದ ಒಂದು ಗಂಟನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಕಂಡಕ್ಟರು, "ಏನಮ್ಮ, ಮಗೀಗೆ ಟಿಕೆಟ್ ಬ್ಯಾಡ್ವಾ?" ಅಂದ. ಬಸ್ಸೆಲ್ಲ ನಕ್ಕಿತು. ಸೀರೆಯೊಳಗಿದ್ದದ್ದು ಸ್ಪೀಕರ್ ಪೆಟ್ಟಿಗೆ. ಅಮ್ಮಸಂದ್ರದ ಸಿಮೆಂಟು ಫ್ಯಾಕ್ಟರಿಯಲ್ಲಿದ್ದ ಅವಳ ತಮ್ಮ ವರ್ಗವಾಗಿ ಹೋಗುವಾಗ ಒಂದು ಜೋಡಿ ಕೊಟ್ಟಿದ್ದ. ಅದರ ಆಂಪ್ಲಿಫೈಯರು ಮಾತ್ರ ಸುಟ್ಟುಹೋಗಿತ್ತು.

ತಿಪಟೂರಿನಲ್ಲಿ ಇಳಿದರೆ, ಜೊತೆಗೆ ಬಂದಿದ್ದ ಗಂಡ ಶಂಭುಲಿಂಗಯ್ಯನ ಕಣ್ಣು ದೊಡ್ಡ ಅಂಗಡಿಯ ಗಾಜಿನೊಳಗೆ ಕೆಂಪು, ಹಸುರು ಲೈಟು ಕುಣಿಸುತ್ತಿದ್ದ ಸಾವಿರ ವ್ಯಾಟಿನ ಆಂಪ್ಲಿಫೈಯರಿನ ಮೇಲೆ. ಸಿದ್ದಗಂಗಮ್ಮ ಅವನ ತೋಳು ಹಿಡಿದು ಪಕ್ಕದ ಓಣಿಗೆ ಎಳೆದಳು. ಅಲ್ಲಿ ಇನಾಯತುಲ್ಲಾ ಹೊಸದಾಗಿ ಅಂಗಡಿ ಇಟ್ಟಿದ್ದ. ಅಂಗಡಿ ಅಂದರೆ ಒಂದು ಬಾಗಿಲಗಲ. ಇನ್ನೊಬ್ಬರ ಕೈಕೆಳಗೆ ರೇಡಿಯೊ ರಿಪೇರಿ ಮಾಡಿ ಮಾಡಿ, ಈಗ ತಾನೇ ಆಂಪ್ಲಿಫೈಯರು ಕಟ್ಟಿ ಮಾರಲು ಕೂತಿದ್ದ.

"ಪೆಟ್ಟಿಗೆ ತಂದಿದ್ದೀರಲ್ಲ ಅಕ್ಕ, ಅದೇ ಅರ್ಧ ಕೆಲಸ ಆಯ್ತು" ಅಂದವನೇ ಅದರ ಬೆನ್ನು ತಿರುಗಿಸಿ ನೋಡಿದ.

"ಅಲ್ಲಿ ಸಾವಿರ ವ್ಯಾಟು ಅಂತ ಡಬ್ಬದ ಮೇಲೇ ಹಾಕವ್ರಲ್ಲ ಸಾಬ್ರೇ?"

"ಡಬ್ಬದ ಮೇಲೆ ಎಷ್ಟು ಬೇಕಾದ್ರೂ ಹಾಕಬೋದು ಯಜಮಾನ್ರೇ. ನಿಮ್ಮ ಪೆಟ್ಟಿಗೆ ತಡೆಯೋದು ಮೂವತ್ತು ವ್ಯಾಟು. ಪಡಸಾಲೆಗೆ ಅದ್ರಲ್ಲಿ ಅರ್ಧ ಸಾಕು. ಲೈಟಿಗೆ ಕೊಡೋ ದುಡ್ಡನ್ನ ಒಳ್ಳೆ ಟ್ರಾನ್ಸ್‌ಫಾರ್ಮರಿಗೆ ಹಾಕನ. ಲೈಟು ಹಾಡಲ್ಲ."

ದೊಡ್ಡದನ್ನು ಮಾರಿದ್ದರೆ ಅವನಿಗೇ ಲಾಭವಿತ್ತು. ಕೊಳ್ಳಲು ಬಂದವರಿಗೆ ಸಣ್ಣದು ಸಾಕು ಅನ್ನುವ ಅಂಗಡಿಯವನನ್ನು ಸಿದ್ದಗಂಗಮ್ಮ ಅವತ್ತೇ ಮೊದಲು ನೋಡಿದ್ದು.

ಇನಾಯತುಲ್ಲಾ ಕಟ್ಟಿಕೊಟ್ಟ ಆಂಪ್ಲಿಫೈಯರು ಮನೆಗೆ ತಂದ ಶಂಭುಲಿಂಗಯ್ಯ, ಹೋಟ್ಲಿನಲ್ಲಿ ಇರುವ ಹಾಗೆ ಇರಲಿ ಅಂತ ಎರಡೂ ಪೆಟ್ಟಿಗೆಗೆ ತಂತಿ ಬಿಗಿದು ತೆಂಗಿನಕಾಯಿ ತುಂಬಿದ್ದ ಅಟ್ಟದ ತೊಲೆಗೆ ತೂಗುಹಾಕಿದ. ಭಜನೆ ಕ್ಯಾಸೆಟ್ಟು ಹಾಕಿದರೆ ತಬಲದ ಎಡಗೈ ಪೆಟ್ಟು ಎದೆಗೇ ಬಂದು ಕೂರುತ್ತಿತ್ತು. ಭಜನೆ ಮಂಡಳಿಯ ಚಿಕ್ಕರಂಗಯ್ಯ ಕೇಳಿ ತಲೆದೂಗಿ, "ಮಂಡಳೀಗೂ ಈ ಸಾಬ್ರ ಹತ್ರಾನೇ ಕಟ್ಟಿಸನ ಕಣ್ಲಾ" ಅಂದ. ಸುದ್ದಿ ತಿಪಟೂರಿಗೂ ಹೋಯಿತು. ಇನಾಯತುಲ್ಲಾನಿಗೆ ಅದೇ ಮೊದಲ ದೊಡ್ಡ ಆರ್ಡರು. ಅದೊಂದು ಕೈಗೆ ಬಂದರೆ ಅಂಗಡಿ ನಿಲ್ಲುತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ಹಾಡಿನ ಜೊತೆ ಒಂದು ಸದ್ದು ಸೇರಿಕೊಂಡಿತು. ಲೊಟಲೊಟ. ಬರಬರುತ್ತಾ ಜಾಸ್ತಿಯಾಯಿತು. ಚಿಕ್ಕರಂಗಯ್ಯ ಬಂದು ಕೇಳಿ ಮೂಗು ಮುರಿದ. "ಅಗ್ಗದ್ದು ತಂದ್ರೆ ಇನ್ನೇನಾಯ್ತದೆ? ಒಳಗೆ ಎಲ್ಲಾ ಸಡ್ಲ ಆಗೈತೆ. ಮಂಡಳೀಗೆ ಇವನು ಬ್ಯಾಡ ಬುಡು."

ಶಂಭುಲಿಂಗಯ್ಯ ಆಂಪ್ಲಿಫೈಯರು ಹೊತ್ತುಕೊಂಡು ಹೋಗಿ ಇನಾಯತುಲ್ಲಾನ ಮುಂದೆ ಕುಕ್ಕಿದ. ಅಂಗಡಿಯಲ್ಲಿ ಅದು ಬೆಣ್ಣೆಯ ಹಾಗೆ ಹಾಡಿತು. ವಾಪಸು ತಂದರೆ ಮತ್ತೆ ಲೊಟಲೊಟ. ಇನ್ನೊಬ್ಬನಾಗಿದ್ದರೆ, ನಿಮ್ಮ ಕಿವಿ ಸರಿಯಿಲ್ಲ ಅಂತ ಜಗಳಕ್ಕೆ ನಿಲ್ಲುತ್ತಿದ್ದ. ಇನಾಯತುಲ್ಲಾ ಅಂಗಡಿ ಬಾಗಿಲು ಹಾಕಿಕೊಂಡು ತಾನೇ ಬಸ್ಸು ಹತ್ತಿ ಬಂದ.

ಪಡಸಾಲೆಯಲ್ಲಿ ಚಿಕ್ಕರಂಗಯ್ಯನೂ ತಮಾಷೆ ನೋಡಲು ಕೂತಿದ್ದ. ಇನಾಯತುಲ್ಲಾ ಕ್ಯಾಸೆಟ್ಟು ಹಾಕಿ, ಪೆಟ್ಟಿಗೆಗೆ ಕಿವಿಗೊಟ್ಟು, ಬೆವರು ಒರೆಸಿಕೊಂಡ. "ಸದ್ದು ಐತೆ ಅಕ್ಕ, ಇಲ್ಲ ಅನ್ನಲ್ಲ. ಆದ್ರೆ ಪೆಟ್ಟಿಗೇಲಿಲ್ಲ. ಮನೇಲಿ ಇನ್ನೇನೋ ಜೊತೆಗೆ ಹಾಡ್ತೈತೆ."

ಆ ಮಾತಿಗೆ ಅಡಿಗೆಮನೆಯಿಂದ ಬಂದ ಸಿದ್ದಗಂಗಮ್ಮ ಹಾಡು ಬಿಟ್ಟು ಬರೀ ಸದ್ದನ್ನೇ ಕೇಳಿದಳು. ಹುಟ್ಟಿದಾಗಿನಿಂದ ಕೇಳಿದ ಸದ್ದು! ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಹಾಡು ನಡೆಯುತ್ತಲೇ ಇತ್ತು. ತೊಲೆಯ ಪಕ್ಕದ ಒಂದು ತೆಂಗಿನಕಾಯಿಗೆ ಕೈ ಇಟ್ಟಳು. ತಬಲದ ಪೆಟ್ಟು ಬಿದ್ದಾಗೆಲ್ಲ ಅದರ ಹೊಟ್ಟೆಯೊಳಗಿನ ಉಂಡೆ ಕುಣಿಯುತ್ತಿತ್ತು.

"ಅಯ್ಯೋ ನಿಮ್ಮ! ಕೊಬ್ಬರಿ ಕಣ್ರೀ, ಕೊಬ್ಬರಿ! ಆಂಪ್ಲಿಫೈಯರು ತಂದಾಗ ಕಾಯಲ್ಲಿ ಇನ್ನೂ ನೀರಿತ್ತು. ಈಗ ನೀರು ಇಂಗಿ, ಒಣಗಿ, ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡೈತೆ. ತೊಲೆಗೆ ಪೆಟ್ಟಿಗೆ ಕಟ್ಟಿದ್ರೆ ಕಾಯಿ ಸುಮ್ಕಿರ್ತವಾ?"

ಶಂಭುಲಿಂಗಯ್ಯ ತಂತಿ ಬಿಚ್ಚಿದ. ಪೆಟ್ಟಿಗೆಗಳು ಕೆಳಗೆ ಮಣೆಯ ಮೇಲೆ ಕೂತವು. ಲೊಟಲೊಟ ನಿಂತೇಹೋಯಿತು.

"ಸಡ್ಲ ಆಗಿದ್ದು ಯಾವ್ದು ಚಿಕ್ಕರಂಗಣ್ಣ?" ಅಂದಳು ಸಿದ್ದಗಂಗಮ್ಮ, ಏಣಿಯ ಮೇಲಿಂದಲೇ.

ಚಿಕ್ಕರಂಗಯ್ಯ ತಲೆ ಕೆರೆದುಕೊಂಡ. "ಅಟ್ಟ ಇಲ್ಲದ ಕಡೆ ಇಟ್ಕತೀವಿ ಸಾಬ್ರೇ, ನಮ್ಮ ಮಂಡಳೀಗೂ ಒಂದು ಕಟ್ಟಿಕೊಡಿ."

ಇನಾಯತುಲ್ಲಾ ಗೆದ್ದೆ ಅಂತ ಬೀಗಲಿಲ್ಲ. "ಕಟ್ತೀನಿ. ನಿಮ್ಮ ಸ್ಪೀಕರು ಯಾವ್ದು? ಮೊದ್ಲು ಅದನ್ನ ತನ್ನಿ" ಅಂದ.

ಸಿದ್ದಗಂಗಮ್ಮ ಇಳಿದು ಬಂದು ಅವನಿಗೆ ಟೀ ಕೊಟ್ಟಳು. ಹೊರಡುವಾಗ ಅವನ ಚೀಲಕ್ಕೆ ಹೊಸ ಕೊಬ್ಬರಿ ಹಾಕಿದಳು, ತೊಲೆಯ ಪಕ್ಕದಲ್ಲಿ ಕುಣಿಯುತ್ತಿದ್ದವನ್ನೇ ಆರಿಸಿ, ಸುಲಿಸಿ, ಒಡೆದು.