ಬಾಯಿ ಆಡಿಸಿದರೆ ಸಾಕಂತೆ

ಸಾಲೆಯ ವಾರ್ಷಿಕ ಗ್ಯಾದರಿಂಗ್ ಅಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮಕ್ಕಳಿಗೆ ಹಾಡು ಕಲಿಸಿ ಅಂತ ಕರೆಯುವವರೂ ಇವರೇ, ಹಾಡುವ ಹೊತ್ತಿಗೆ ಬಾಯಿಗೆ ಬೀಗ ಹಾಕುವವರೂ ಇವರೇ.

ನಾನು ಜಮಖಂಡಿಯಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಹಾರ್ಮೋನಿಯಂ ಪೇಟಿ ಹೊತ್ತುಕೊಂಡು ಬನಹಟ್ಟಿಯ ಒಂದು ಸಾಲೆಗೆ ಹಾಡು ಕಲಿಸಲು ಹೋಗುತ್ತಿದ್ದೆ. ಅಲ್ಲಿ ಓಣಿಯ ತುಂಬ ಕರೆಂಟಿನ ಮಗ್ಗಗಳು. ಊಟಕ್ಕೆ ಕರೆಯುವುದು, ಬೈಯುವುದು, ಕೂಸಿಗೆ ಜೋಗುಳ ಹಾಡುವುದು ಎಲ್ಲ ಆ ಸದ್ದಿನ ಮೇಲೆಯೇ. ಹಾಗಾಗಿ ನೇಕಾರರ ಮಕ್ಕಳ ಗಂಟಲು ದೊಡ್ಡದು. ಅವರಲ್ಲೊಬ್ಬಳು, ಏಳನೇ ಇಯತ್ತೆಯವಳು, ಎಷ್ಟು ಹೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಮೆತ್ತಗ ಮಾತಾಡ ಅಂತ ಒಂದನೇ ಇಯತ್ತೆಯಿಂದ ಬೈಸಿಕೊಂಡಿದ್ದಳು.

"ಮಗ್ಗದ ಆಚೀಕಿದ್ದ ಅವ್ವನ್ನ ಹೆಂಗ ಕರೀತಿ? ಹಂಗ ಹಾಡವಾ" ಅಂದೆ.

ಹಾಡಿದಳು. ಪೇಟಿಯ ಮೇಲೆ ನನ್ನ ಬೆರಳು ನಿಂತೇಬಿಟ್ಟವು.

"ಇಷ್ಟ ಜೋರ ಹಾಡಿದ್ರ ನಡೀತದೇನ್ರಿ ಅಕ್ಕಾರ?"

"ಇದಕ್ಕ ಹಾಡೂದು ಅಂತಾರವಾ."

ಆಮೇಲೆ ನನಗಿಂತ ಮೊದಲೇ ಬಂದು ಜಮಖಾನೆ ಹಾಸಿ ಕೂತಿರುತ್ತಿದ್ದಳು. ಗ್ಯಾದರಿಂಗಿಗೆಂದು ಒಂದು ತತ್ವಪದ ಕಲಿಸಿದೆ. ನಡುವಿನ ನುಡಿ ಅವಳೊಬ್ಬಳದೇ.

ಗ್ಯಾದರಿಂಗಿನ ದಿನ ಹೆಡ್‌ಮಾಸ್ತರರು ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಅದರಲ್ಲಿ ಅದೇ ಪದ, ಯಾರೋ ಸ್ಟುಡಿಯೋದಲ್ಲಿ ಹಾಡಿದ್ದು.

"ದೊಡ್ಡ ಮಂದಿ ಬರ್ತಾರ್ರಿ. ಇದನ್ನ ಹಚ್ತೀವಿ, ಹುಡುಗ್ರು ಬಾಯಿ ಆಡಿಸಿದ್ರ ಸಾಕು. ಆ ಒರಟ ದನಿ ಹುಡುಗಿನ್ನ ಹಿಂದ ನಿಂದರಸ್ರಿ."

"ಒರಟ ಅಲ್ರಿ ಅದು, ತುಂಬು ದನಿ" ಅಂದೆ.

"ಹೆತ್ತವರಿಗಿ ಹೆಗ್ಗಣ ಮುದ್ದ ಬಿಡ್ರಿ" ಅಂತ ನಕ್ಕರು. ಸಾಲದ್ದಕ್ಕೆ, ದನಿ ತೆಗೆದವರನ್ನು ಸ್ಟೇಜಿನಿಂದ ಇಳಿಸುತ್ತೇನೆ ಅಂತ ಮಕ್ಕಳನ್ನು ಹೆದರಿಸಿದರು. ಆ ಹುಡುಗಿ ನನ್ನ ಮುಖ ನೋಡಿದಳು. ಈ ಸಲ ಬಾಯಿ ಮುಚ್ಚಿದರೆ ಇವಳು ಮತ್ತೆ ತೆರೆಯುವವಳಲ್ಲ ಅಂತ ನನಗೆ ಗೊತ್ತಿತ್ತು. ಜಗಳಾಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೇಟಿ ಎತ್ತಿಕೊಂಡು ಹೋಗಿ ಸ್ಟೇಜಿನ ಕೆಳಗೆ, ಮಂದಿಯ ಮುಂದೆ ಕೂತೆ.

ಪದ ಶುರುವಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಸ್ಪೀಕರ್ ಸತ್ತಿತು, ಓಣಿಯ ಮಗ್ಗಗಳೂ ನಿಂತವು. ಬನಹಟ್ಟಿಯಲ್ಲಿ ಅಂಥ ಮೌನ ಅಪರೂಪ. ಆ ಮೌನದಲ್ಲಿ ಮಕ್ಕಳು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಲೇ ಇದ್ದವು. ದನಿ ತೆಗೆಯಬಾರದೆಂದು ಹೇಳಿದ್ದರಲ್ಲ! ಮಂದಿ ಬಿದ್ದು ಬಿದ್ದು ನಕ್ಕರು, ಮೊಬೈಲಿನಲ್ಲಿ ಹಿಡಿದುಕೊಂಡರು. ನನಗೆ ಅಳು ಬರಲಿಲ್ಲ, ಆ ಪೆನ್‌ಡ್ರೈವ್ ಕಲ್ಲಿನ ಮೇಲಿಟ್ಟು ಜಜ್ಜುವಷ್ಟು ಸಿಟ್ಟು ಬಂತು.

ಕರೆಂಟು ಬಂತು. "ಮತ್ತ ಮೊದಲಿಂದ ಹಚ್ರಿ" ಅಂದರು ಹೆಡ್‌ಮಾಸ್ತರರು. ಸ್ಪೀಕರ್ ಕೂಗಿತು, ಮಕ್ಕಳ ಬಾಯಿ ಆಡಿದವು. ಹಿಂದಿನ ಸಾಲಿನಿಂದ ಅವಳು ಮಾತ್ರ ಇಳಿದು ಬಂದು ನನ್ನ ಎದುರಿಗೆ ಕೂತಳು.

"ನಾ ಬಾಯಿ ಆಡ್ಸಂಗಿಲ್ರಿ ಅಕ್ಕಾರ. ಪೇಟಿ ಬಾರಸ್ರಿ."

"ಸ್ಪೀಕರ್ ಐತಲ್ಲವಾ..."

"ನಮ್ಮ ಮನ್ಯಾಗ ನಾಕ ಮಗ್ಗ ಅದಾವ್ರಿ" ಅಂದಳು, ಹಾಡತೊಡಗಿದಳು.